ಬಿಳಿ ಕಾಡಿನ ಆಟಗಳು

ಒಂದು ಕಾಲದಲ್ಲಿ, ಒಂದು ಮನೆಯ ಹಿಂದೆ, ಬೆಳಿಗ್ಗೆ ಹುಟ್ಟಿ ಸಂಜೆಗೆ ಕಾಣೆಯಾಗುವ ಬಿಳಿ ಕಾಡೊಂದಿತ್ತು. ಅದಕ್ಕೆ ಬೇರಿರಲಿಲ್ಲ, ಎಲೆಯಿರಲಿಲ್ಲ. ಗಾಳಿ ಬಂದರೆ ಮರಗಳೆಲ್ಲ ಹೊಟ್ಟೆ ಉಬ್ಬಿಸಿ ನಗುತ್ತಿದ್ದವು. ಗಾಳಿ ನಿಂತರೆ ಸೋಪಿನ ವಾಸನೆ ಬಿಡುತ್ತ ಸುಮ್ಮನೆ ತೂಗುತ್ತಿದ್ದವು. ಆ ಕಾಡನ್ನು ಕಾಯಲು ಒಬ್ಬ ಮುದುಕಿ, ಮುದುಕಿಗೆ ಸಹಾಯಕ್ಕೆ ಇಬ್ಬರು ಮಕ್ಕಳು.

ಅಜ್ಜಿ ಕಥೆ ಶುರುಮಾಡುತ್ತಿದ್ದುದು ಹೀಗೆ. ಕಾಡೆಂದರೆ ಲಾಡ್ಜಿನ ಬೆಡ್‌ಶೀಟುಗಳು. ಅಜ್ಜಿಯ ಮಗ ಮೂರು ಚಕ್ರದ ಗಾಡಿಯಲ್ಲಿ ಬೆಳಗಿನ ಜಾವ ಮೈಲಿಗೆ ಗಂಟುಗಳನ್ನು ತಂದು ಹಾಕುತ್ತಿದ್ದ. ಅಜ್ಜಿ ಮತ್ತು ಸೊಸೆ ಒಗೆದು, ನೀಲಿ ಹಾಕಿ, ಹಿತ್ತಲಿನ ಉದ್ದಕ್ಕೂ ಕಟ್ಟಿದ ಹಗ್ಗಗಳ ಮೇಲೆ ಹರವುತ್ತಿದ್ದರು. ಮಧ್ಯಾಹ್ನ ಕಳೆದ ಮೇಲೆ ತೆಗೆದು, ಮಡಚಿ, ಇಸ್ತ್ರಿ ಹಾಕಿ, ಕತ್ತಲಾಗುವ ಮೊದಲು ಲಾಡ್ಜಿಗೆ ವಾಪಸ್. ಆ ಮನೆಯ ಊಟ, ಮಕ್ಕಳ ಸ್ಕೂಲು, ಬಾಡಿಗೆ, ಎಲ್ಲವೂ ಆ ಹಗ್ಗಗಳಿಗೆ ಜೋತುಬಿದ್ದಿದ್ದವು.

ಮಕ್ಕಳಲ್ಲಿ ದೊಡ್ಡವಳು ಕಡ್ಡಿ. ಮೈ ನೋಡಿದರೆ ಹೆಸರು ಯಾಕೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಅವಳ ತಮ್ಮ ಡುಮ್ಮ. ಅವನದೂ ಅಷ್ಟೆ. ಇಬ್ಬರೂ ಸ್ಕೂಲಿಂದ ಬಂದು ಬ್ಯಾಗು ಎಸೆದು ಹಿತ್ತಲಿಗೆ ಓಡುತ್ತಿದ್ದರು. ಅಲ್ಲಿ ಅಜ್ಜಿಯ ಆಟಗಳು ಕಾದಿರುತ್ತಿದ್ದವು.

ಮೊದಲನೆಯದು ಮೊಸಳೆಯ ಆಟ. ಸೋಪಿನ ನೀರಿನ ತೊಟ್ಟಿಯಲ್ಲಿ ಟವೆಲುಗಳನ್ನು ತುಂಬಿ ಮಕ್ಕಳು ಮೇಲೆ ನಿಂತು ತುಳಿಯಬೇಕು. ತುಳಿಯುವುದನ್ನು ನಿಲ್ಲಿಸಿದವರ ಕಾಲನ್ನು ತಳದ ಮೊಸಳೆ ಕಚ್ಚುತ್ತದೆ. ಹಕ್ಕಿ ಹಿಡಿಯುವ ಆಟದಲ್ಲಿ ಒಣಗಿದ ಬಟ್ಟೆಯ ಕ್ಲಿಪ್ಪುಗಳೇ ಹಕ್ಕಿಗಳು. ಬಿಸಿಲು ಗೋಡೆ ದಾಟುವುದರೊಳಗೆ ಎಲ್ಲವನ್ನೂ ಬುಟ್ಟಿಗೆ ಹಾಕದಿದ್ದರೆ ಅವು ಬೇರೆ ದೇಶಕ್ಕೆ ಹಾರಿಹೋಗುತ್ತವೆ. ಎಲ್ಲಕ್ಕಿಂತ ದೊಡ್ಡದು ಹಡಗಿನ ಆಟ. ಬೆಡ್‌ಶೀಟಿನ ಎರಡೆರಡು ಮೂಲೆ ಹಿಡಿದು ಇಬ್ಬರು ಎದುರುಬದುರು ನಿಲ್ಲಬೇಕು. "ಹಾಯಿ ಬಿಚ್ಚಿ!" ಎಂದರೆ ಬಿಗಿಯಾಗಿ ಎಳೆಯಬೇಕು, ಗಾಳಿಗೆ ಒಮ್ಮೆ ಝಾಡಿಸಬೇಕು. "ದಡ ಬಂತು!" ಎಂದರೆ ನಡೆದು ಹತ್ತಿರ ಬಂದು ಕೈಗೆ ಕೈ ಮುಟ್ಟಿಸಬೇಕು. ಅಂಚು ಅಂಚಿಗೆ ಸೇರದಿದ್ದರೆ ಹಡಗು ಮುಳುಗಿತು, ಮತ್ತೆ ಮೊದಲಿಂದ.

ಆ ಬೀದಿಯ ಹುಡುಗಿಯರದೊಂದು ಪದ್ಧತಿಯಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಒಬ್ಬೊಬ್ಬರ ಹಿತ್ತಲಲ್ಲಿ ಆಟ. ಔಷಧಿ ಅಂಗಡಿಯವರ ಮಗಳು ಗುಳಿಗೆಯ ಮನೆಯಲ್ಲಿ ಕುಂಟೆಬಿಲ್ಲೆ. ಗಡಿಯಾರ ರಿಪೇರಿಯವರ ಅವಳಿಗಳಾದ ಟಿಕ್ಕು ಮತ್ತು ಟಕ್ಕುವಿನ ಮನೆಯಲ್ಲಿ ಹಗ್ಗ ಜಿಗಿತ, ಕಣ್ಣಾಮುಚ್ಚಾಲೆ. ಕಡ್ಡಿ ಎಲ್ಲರ ಮನೆಗೂ ಹೋಗಿ ಆಡಿ ಬಂದಿದ್ದಳು. ಇವಳ ಸರದಿ ಮಾತ್ರ ಪ್ರತಿ ಸಲವೂ ಮುಂದಕ್ಕೆ ಹೋಗುತ್ತಿತ್ತು. ಹಿತ್ತಲ ತುಂಬ ಬಟ್ಟೆಯಲ್ಲವೇ, ಜಾಗವೆಲ್ಲಿ?

ಒಂದು ಶನಿವಾರ ಕಡ್ಡಿಯೇ ಧೈರ್ಯ ಮಾಡಿದಳು. "ಜಾಗ ಯಾಕೆ ಬೇಕು? ನಮ್ಮನೇಲಿ ನಿಮಗ್ಯಾರಿಗೂ ಗೊತ್ತಿಲ್ಲದ ಆಟ ಇದೆ, ಬನ್ನಿ."

ಬಂದರು. ತೊಟ್ಟಿಗೆ ಇಳಿದರು. ಮೊಸಳೆಗೆ ಹೆದರಿ ಕಿರುಚಿದರು. ಟಿಕ್ಕು ಮತ್ತು ಟಕ್ಕು ಹಡಗಿನ ಆಟದಲ್ಲಿ ಒಮ್ಮೆಯೂ ಮುಳುಗಲಿಲ್ಲ, ಅವಳಿಗಳ ಕೈ ಅಷ್ಟು ಸರಿಸಮ. ಗುಳಿಗೆ ಎಲ್ಲರಿಗಿಂತ ಹೆಚ್ಚು ಹಕ್ಕಿ ಹಿಡಿದಳು. ಅಜ್ಜಿ ಕಲ್ಲಿನ ಮೇಲೆ ಕೂತು, "ಹಾಯಿ ಬಿಚ್ಚಿ! ಬಿರುಗಾಳಿ ಬಂತು, ಬಿಗಿಯಾಗಿ ಹಿಡೀರೇ!" ಎಂದು ಕೂಗುತ್ತಿದ್ದಳು. ಆ ದಿನ ಲಾಡ್ಜಿನ ಬಟ್ಟೆ ಬಿಸಿಲಿರುವಾಗಲೇ ಮಡಚಿ ಮುಗಿಯಿತು. ಸೊಸೆ ಇಸ್ತ್ರಿ ಬೇಗ ಮುಗಿಸಿ, ಎಷ್ಟೋ ದಿನಗಳ ಮೇಲೆ ಕೂತು ಟೀ ಕುಡಿದಳು.

ಮರುದಿನ ಬೆಳಿಗ್ಗೆ ಔಷಧಿ ಅಂಗಡಿಯಾಕೆ ಬಾಗಿಲಿಗೆ ಬಂದರು. ಜೊತೆಗೆ ಗುಳಿಗೆ, ಕ್ಲಿಪ್ಪು ಒತ್ತಿ ಒತ್ತಿ ಕೆಂಪಾದ ಎರಡೂ ಕೈಗೆ ಮುಲಾಮು ಹಚ್ಚಿಸಿಕೊಂಡು.

"ಏನಮ್ಮಾ, ನನ್ನ ಮಗಳ ಕೈಲಿ ಲಾಡ್ಜಿನ ಬಟ್ಟೆ ಒಗೆಸಿದ್ರಂತೆ?"

ಸೊಸೆ ಬಾಯಿ ತೆರೆಯುವ ಮೊದಲೇ ಅಜ್ಜಿ ಒಳಗಿಂದ ಅಂದಳು, "ಒಗೆಸಿದ್ಯಾರು? ಮಕ್ಕಳು ಆಡಿದ್ರು."

"ಆಟಾನಾ? ಟವೆಲ್ ತುಳಿದಿದ್ದು ಆಟಾನಾ? ಬೆಡ್‌ಶೀಟ್ ಮಡಚಿದ್ದು? ಯಾರ್ಯಾರೋ ಮಲಗೆದ್ದ ಹೊದಿಕೆ! ಕೆಲಸಕ್ಕೆ ಜನ ಬೇಕಿದ್ರೆ ಕೂಲಿ ಕೊಟ್ಟು ಕರೀರಿ. ನಮ್ಮ ಮಕ್ಕಳನ್ನ ಆಟ ಅಂತ ಕರೀಬೇಡಿ."

"ಅಮ್ಮಾ, ನಂಗೆ ಮಜಾ ಬಂತು," ಎಂದಳು ಗುಳಿಗೆ.

"ನೀನು ಬಾಯಿ ಮುಚ್ಚು, ಕೈ ನೋಡ್ಕೋ ಹೇಗಾಗಿದೆ."

ಅವರು ಹೋದ ಮೇಲೆ ಸೊಸೆ ಬಾಗಿಲು ಹಾಕಿದಳು. ಕಡ್ಡಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಅವಳು ಹಿತ್ತಲಿಗೆ ಹೋಗಿ ತೊಟ್ಟಿಯೊಳಗೆ ಇಣುಕಿದಳು. ಮೊಸಳೆ ಇರಲಿಲ್ಲ. ಅದು ಅವಳಿಗೆ ಹಿಂದೆಯೂ ಗೊತ್ತಿತ್ತು. ಆದರೆ ಇಣುಕಿ ನೋಡಿದ್ದು ಇದೇ ಮೊದಲು.

ರಾತ್ರಿಯ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಎಲ್ಲರೂ ನೆಲದ ಮೇಲೆ ಕೂತಿದ್ದರು. ಕಡ್ಡಿ ತಟ್ಟೆ ಮುಟ್ಟಿರಲಿಲ್ಲ.

"ಅಜ್ಜಿ, ಹಡಗಿನ ಆಟ ಕೆಲಸಾನಾ?"

"ಊಟ ಮಾಡು ಮೊದಲು."

"ಕೆಲಸಾನಾ ಅಲ್ವಾ?"

"ನಗ್ತಿದ್ದೆ ತಾನೇ ಆಡುವಾಗ? ಬಿದ್ದೂ ಬಿದ್ದೂ ನಗ್ತಿದ್ದೆ. ಅದು ಆಟ."

"ಗುಳಿಗೆ ಮನೇಲಿ ಕುಂಟೆಬಿಲ್ಲೆ ಆಡಿದ್ಮೇಲೆ ಅಲ್ಲಿ ಏನೂ ಇರಲ್ಲ. ಗೆರೆ ಅಳಿಸಿ ಹೋಗುತ್ತೆ, ಅಷ್ಟೇ. ನಮ್ಮನೇಲಿ ಆಡಿದ್ಮೇಲೆ ಬಟ್ಟೆ ಮಡಚಿರುತ್ತೆ." ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ನಿಂಗೂ ಗೊತ್ತಿತ್ತಾ?"

ತಾಯಿ ಸುಳ್ಳು ಹೇಳಲಿಲ್ಲ. "ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಟವೆಲ್ ಬೇಗ ಮುಗೀತಿತ್ತು ಕಣೇ."

ಡುಮ್ಮ ಅಕ್ಕನ ಮೊಟ್ಟೆಯ ಮೇಲೆ ಕಣ್ಣಿಟ್ಟು ಕೂತಿದ್ದ. "ನಂಗಂತೂ ಮೊಸಳೆ ಇಷ್ಟ," ಎಂದ.

"ಮೊಸಳೆ ಇಲ್ಲ ಕಣೋ ದಡ್ಡ!"

ತಂದೆ ನಡುವೆ ಬಂದ. "ಅದಕ್ಕ್ಯಾಕೆ ಇಷ್ಟು ರಂಪ? ನಾನೂ ಚಿಕ್ಕವನಿದ್ದಾಗ ಇವೇ ಆಟ ಆಡ್ತಿದ್ದೆ. ನಂಗೇನಾಗಿದೆ?"

"ಇವಲ್ಲದೆ ಬೇರೆ ಯಾವುದು ಆಡ್ತಿದ್ದೆ ಅಪ್ಪ?"

"ಬೇಕಾದಷ್ಟು."

"ಒಂದು ಹೇಳು."

"ಈ... ಕ್ಲಿಪ್ಪಿಂದು."

"ಅದು ಹಕ್ಕಿ ಹಿಡಿಯೋದು. ಬೇರೆ?"

"ಇನ್ನೊಂದಿತ್ತು. ದಿಂಬಿನ ಕವರಿನ ಜೋಡಿ ಹುಡುಕೋದು, ಕಳೆದುಹೋದ ಅಣ್ಣತಮ್ಮಂದಿರು ಅಂತ..." ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸ್ ಬಂತು. ಅವನು ತನ್ನ ತಾಯಿಯ ಮುಖ ನೋಡಿದ. ಅಜ್ಜಿ ಡುಮ್ಮನ ತಟ್ಟೆಗೆ ಬೇಳೆ ಬಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

ತಂದೆ ಕಡ್ಡಿಯ ಕಡೆ ತಿರುಗಿ ಅಂದ, "ಮುಂದಿನ ಶನಿವಾರ ಹಗ್ಗ ಎಲ್ಲಾ ಬಿಚ್ಚಿಬಿಡ್ತೀನಿ. ಒಂದು ಮಧ್ಯಾಹ್ನ ಹಿತ್ತಲು ಪೂರ್ತಿ ನಿಂದು. ನಿನ್ನ ಸ್ನೇಹಿತೆಯರನ್ನ ಕರಿ. ಬರೀ ಆಟ."

"ಆಣೆ?"

"ಆಣೆ ಯಾಕೆ, ಅಪ್ಪ ಹೇಳ್ತಿಲ್ವಾ?"

"ಎಲ್ಲಾ ಹಗ್ಗಾನೂ?"

"ಎಲ್ಲಾ."

"ನನ್ನ ಹಗ್ಗ ಮುಟ್ಟಬೇಡ," ಎಂದಳು ಅಜ್ಜಿ.

ಅಡಿಗೆಮನೆಯ ಕಿಟಕಿಗೆ ಹತ್ತಿರದ ಹಗ್ಗ ಅವಳದು. ಉಳಿದವನ್ನು ಮಗ ಕಟ್ಟಿದ್ದ. ಅದೊಂದನ್ನು, ಹಳೆಯದು ಸವೆದು ಹೊಸದು ಬಂದಾಗಲೆಲ್ಲ, ಅಜ್ಜಿಯೇ ಕಂಬಕ್ಕೆ ಗಂಟು ಹಾಕುತ್ತಿದ್ದಳು. ಒದ್ದೆ ಬಟ್ಟೆಯ ಭಾರ ಬಿದ್ದಷ್ಟೂ ಬಿಗಿಯಾಗುವ ಗಂಟು ಅದು. ಎಲ್ಲಿಂದ ಬಿಚ್ಚಬೇಕೆಂದು ಅವಳಿಗೆ ಮಾತ್ರ ಗೊತ್ತು. ಯಾರಿಗೂ ಕಲಿಸಿರಲಿಲ್ಲ.

ಮುಂದಿನ ಶನಿವಾರ ಲಾಡ್ಜು ತುಂಬಿಹೋಯಿತು. ಯಾವುದೋ ಕಂಪನಿಯ ಜನ ಬಂದಿದ್ದರಂತೆ. ಹಗ್ಗ ಬಿಚ್ಚುವುದಿರಲಿ, ಕಿಟಕಿಯ ಸರಳಿಗೂ ಟವೆಲು ಹಾಕಬೇಕಾಯಿತು. ಅದರ ಮುಂದಿನ ಶನಿವಾರ ಮೋಡ. ಹಿಂದಿನ ದಿನದ ಬಟ್ಟೆಯೇ ಒಣಗಿರಲಿಲ್ಲ.

"ಬರೋ ವಾರ ಕಣೇ ಕಡ್ಡಿ," ಎನ್ನುತ್ತಿದ್ದ ತಂದೆ, ಗಾಡಿಯ ಹಗ್ಗ ಬಿಗಿಯುತ್ತ.

ಕಡ್ಡಿ ಈಗ ಆಟಕ್ಕೆಂದು ಹಿತ್ತಲಿಗೆ ಓಡುತ್ತಿರಲಿಲ್ಲ. ಕೆಲಸವನ್ನೂ ಮಾಡುತ್ತಿರಲಿಲ್ಲ. ಸ್ಕೂಲಿಂದ ಬಂದು ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂರುತ್ತಿದ್ದಳು. ಶನಿವಾರದ ಆಟ ಗುಳಿಗೆಯ ಮನೆಯಿಂದ ಅವಳಿಗಳ ಮನೆಗೆ, ಅಲ್ಲಿಂದ ಮತ್ತೆ ಗುಳಿಗೆಯ ಮನೆಗೆ ತಿರುಗುತ್ತಿತ್ತು. ಒಮ್ಮೆ ಟಿಕ್ಕು ನೇರವಾಗಿಯೇ ಹೇಳಿದಳು, "ನೀನು ನಮ್ಮನೇಲೆಲ್ಲಾ ಆಡ್ತೀಯ, ಅವತ್ತು ಹಡಗಿಂದು ಆಡಿದ್ಮೇಲೆ ನಿಮ್ಮನೇಗೆ ಕರೆದೇ ಇಲ್ಲ. ನಿನ್ನ ಸರದಿ ಆಗೋವರೆಗೆ ಬರಬೇಡ." ಟಕ್ಕು ತಲೆಯಾಡಿಸಿದಳು. ಅದು ನ್ಯಾಯವೇ ಆಗಿತ್ತು, ಹಾಗಾಗಿ ಕಡ್ಡಿಗೆ ಜಗಳವಾಡಲೂ ಆಗಲಿಲ್ಲ.

ತೊಟ್ಟಿಯಲ್ಲಿ ಡುಮ್ಮ ಒಬ್ಬನೇ ಕುಣಿಯುತ್ತಿದ್ದ. ಒಂದು ಸಂಜೆ ಜಾರಿ ಬಿದ್ದು ಸೋಪಿನ ನೀರು ಕುಡಿದ. ಅವನನ್ನು ಎತ್ತಲು ಬಗ್ಗಿದ ತಾಯಿಯ ಸೊಂಟ ಹಿಡಿದುಕೊಂಡಿತು. ಆ ರಾತ್ರಿ ಬಟ್ಟೆ ಅರ್ಧ ಮಾತ್ರ ಲಾಡ್ಜಿಗೆ ಹೋಯಿತು. ಮ್ಯಾನೇಜರ್ ಗಾಡಿಯ ಪಕ್ಕ ನಿಂತು, "ನಾಳೆಯೂ ಹೀಗಾದ್ರೆ ಮೆಷಿನ್ ಇಟ್ಟಿರೋರಿಗೆ ಕೊಡ್ತೀನಿ ನೋಡು," ಎಂದ.

ಮನೆಯಲ್ಲಿ ಸೊಸೆ ಸೊಂಟಕ್ಕೆ ಬಿಸಿನೀರಿನ ಬಾಟಲಿ ಒತ್ತಿಕೊಂಡು ಮಲಗಿದಲ್ಲಿಂದಲೇ ಮಾತು ತೆಗೆದಳು. "ಅತ್ತೆ, ಮೊದಲೇ ಕೆಲಸ ಅಂತ ಹೇಳಿ ಮಾಡಿಸಿದ್ರೆ ಇವತ್ತು ಈ ಗತಿ ಬರ್ತಿರಲಿಲ್ಲ. ಸುಳ್ಳು ಹೇಳಿ ಸಾಕಿದ್ರಿ, ಈಗ ಅವಳು ನಮ್ಮ ಯಾರ ಮಾತೂ ನಂಬಲ್ಲ."

"ನೀನೂ ಟೀ ಕುಡಿದ್ಯಲ್ಲಮ್ಮ, ಆ ಸುಳ್ಳಿನ ಮೇಲೆ ಕೂತ್ಕೊಂಡು."

"ಕುಡಿದೆ. ಇಲ್ಲ ಅಂದ್ನಾ?"

ಅಜ್ಜಿ ಕ್ಲಿಪ್ಪುಗಳ ಬುಟ್ಟಿಯನ್ನು ಮಡಿಲಿಗೆಳೆದುಕೊಂಡಳು. ಮುರಿದವನ್ನು ಬೇರೆ ಮಾಡುತ್ತ ಹೇಳಿದಳು. "ನಮ್ಮಮ್ಮ ನನ್ನನ್ನ ತೊಟ್ಟಿಗಿಳಿಸಿ ಪಕ್ಕದಲ್ಲಿ ಕೋಲು ಹಿಡ್ಕೊಂಡು ನಿಲ್ತಿದ್ಲು. ಕಾಲು ನಿಂತ್ರೆ ಬೀಳ್ತಿತ್ತು ಏಟು. ನಂಗೊಂದು ಮಗು ಆದಾಗ ನಾನು ಕೋಲು ಬಿಟ್ಟೆ, ಮೊಸಳೆ ತಂದೆ. ಅದೇ ತಪ್ಪಾಯ್ತಾ?"

ಬಾಗಿಲ ಹಿಂದೆ ಕಡ್ಡಿಯ ಕಾಲ್ಬೆರಳು ಕಾಣುತ್ತಿತ್ತು. ಇಬ್ಬರೂ ಅದನ್ನು ನೋಡಿದರು, ನೋಡದವರಂತೆ ಇದ್ದರು.

ಮರುದಿನ ಮಧ್ಯಾಹ್ನ ಸೊಸೆ ಗೋಡೆ ಹಿಡಿದುಕೊಂಡು ಇಸ್ತ್ರಿ ಕೋಣೆಗೆ ಬಂದಾಗ ಅಲ್ಲೊಂದು ವಿಚಿತ್ರ ಕಂಡಿತು. ಗಂಡ ನೆಲದ ಮೇಲೆ ಇದ್ದಿಲಿನಿಂದ ಮನೆಗಳನ್ನು ಗೀಚಿ, ಒಂಟಿ ಕಾಲಲ್ಲಿ ನಿಂತಿದ್ದ. ಕೈಯಲ್ಲೊಂದು ಹೆಂಚಿನ ಚೂರು.

"ರೀ, ಏನ್ರೀ ಇದು?"

"ಕುಂಟೆಬಿಲ್ಲೆ. ಔಷಧಿ ಅಂಗಡಿ ಹುಡುಗಿ ಹತ್ರ ಕೇಳ್ಕೊಂಡು ಬಂದೆ. ಬಿಲ್ಲೆ ಬಿದ್ದ ಮನೆ ಬಿಟ್ಟು ಹಾರಬೇಕಂತೆ." ಅವನು ಹಾರಿದ. ಗೆರೆಯ ಮೇಲೆಯೇ ಬಿದ್ದ. ಕಪಾಟಿನ ಮೇಲಿಂದ ದಿಂಬಿನ ಕವರುಗಳ ರಾಶಿ ಜಾರಿತು.

"ಔಟು," ಎಂದಳು ಸೊಸೆ. ನಕ್ಕದ್ದಕ್ಕೆ ಸೊಂಟ ಚುಳುಕ್ ಅಂದಿತು. "ಮನೆ ಇಷ್ಟಿಷ್ಟು ಚಿಕ್ಕದಾ ಬರೆಯೋದು? ಇರುವೆ ಆಡುತ್ತಾ ಇದರಲ್ಲಿ? ಮೇಲೆ ಎರಡು ಜೋಡಿ ಮನೆ ಬರಬೇಕು. ಕೊಡಿ ಇಲ್ಲಿ."

"ನಿಂಗೆ ಬರುತ್ತಾ?"

"ನಮ್ಮ ಬೀದೀಲಿ ನನ್ನನ್ನ ಸೋಲಿಸೋರೇ ಇರಲಿಲ್ಲ."

"ಹೇಳೇ ಇಲ್ಲ ನೀನು."

"ನೀವು ಯಾವತ್ತು ಕೇಳಿದ್ರಿ?" ಅವಳು ಬಗ್ಗಲಾರದೆ ಇಸ್ತ್ರಿ ಮೇಜಿನ ಮೇಲೆಯೇ ಬೆರಳಿಂದ ಗೆರೆ ಎಳೆದು ತೋರಿಸಿದಳು. ಅವನು ನೆಲದಲ್ಲಿ ಹಾಗೆಯೇ ಬರೆದ. ನಂತರ ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿದರು. ಇದ್ದಿಲ ಕಪ್ಪು ಬೆಡ್‌ಶೀಟಿಗೆ ಹತ್ತಿದರೆ ಮ್ಯಾನೇಜರ್ ಬಿಡುತ್ತಾನೆಯೇ?

ಆ ಸಂಜೆ ಅಜ್ಜಿ ಒಬ್ಬಳೇ ಬೆಡ್‌ಶೀಟಿನ ಒಂದು ತುದಿಯನ್ನು ಹಗ್ಗಕ್ಕೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಎಳೆಯುತ್ತಿದ್ದಳು. ಅಂಚು ಸೇರುತ್ತಿರಲಿಲ್ಲ. ಕಡ್ಡಿ ಮೆಟ್ಟಿಲಿಂದ ಎದ್ದು ಬಂದು ಆ ತುದಿಯನ್ನು ಬಿಡಿಸಿ ಹಿಡಿದಳು.

ಅಜ್ಜಿಯ ಮುಖ ಅರಳಿತು. "ಹಾಯಿ ಬಿ—"

"ಹಡಗು ಬೇಡ ಅಜ್ಜಿ. ಕೆಲಸ ಮಾಡ್ತೀನಿ. ದಿನಾ ಮಾಡ್ತೀನಿ. ಆದ್ರೆ ಕೆಲಸ ಅಂತಲೇ ಹೇಳಬೇಕು."

"ಆಯ್ತು."

"ಅಪ್ಪ ಹಗ್ಗ ಬಿಚ್ಚಬೇಕು. ಎಲ್ಲಾ ಹಗ್ಗಾನೂ."

ಅಜ್ಜಿ ಕಿಟಕಿಯ ಹತ್ತಿರದ ತನ್ನ ಹಗ್ಗದ ಕಡೆ ನೋಡಿದಳು. ಇಬ್ಬರೂ ಎಳೆದರು, ಝಾಡಿಸಿದರು, ನಡೆದು ಬಂದು ಕೈ ಮುಟ್ಟಿಸಿದರು. ಒಂದಾದ ಮೇಲೊಂದು. ಮಾತಿಲ್ಲದೆ ಬಟ್ಟೆಯ ಸದ್ದಷ್ಟೇ ಕೇಳುತ್ತಿತ್ತು. ರಾಶಿ ಅರ್ಧ ಕರಗಿದಾಗ ಅಜ್ಜಿ ಕೇಳಿದಳು, "ಕಥೆನೂ ಬೇಡ್ವಾ?"

ಕಡ್ಡಿ ಯೋಚಿಸಿದಳು. "ಕಥೆ ಹೇಳು. ಆದ್ರೆ ಅದರಲ್ಲಿ ಯಾರೂ ಬಟ್ಟೆ ಮಡಚಬಾರದು."

ಅಜ್ಜಿಗೆ ಅಂಥ ಕಥೆ ಹುಡುಕಲು ಸಾಕಷ್ಟು ಹೊತ್ತು ಹಿಡಿಯಿತು.

ಸೊಸೆ ಎದ್ದು ಓಡಾಡುವಂತಾದ ಮೇಲೆ ಮನೆಯವರೆಲ್ಲ ಕೂತು ಒಂದು ದಾರಿ ಕಂಡುಕೊಂಡರು. ಮಗ ಮ್ಯಾನೇಜರ್ ಹತ್ತಿರ ಹೋಗಿ, ಶುಕ್ರವಾರ ಎರಡು ಸಲ ಬಟ್ಟೆ ಒಯ್ಯುವುದಾಗಿಯೂ ಶನಿವಾರ ಮಧ್ಯಾಹ್ನ ಒಂದು ಟವೆಲನ್ನೂ ಮುಟ್ಟುವುದಿಲ್ಲವೆಂದೂ ಹೇಳಿ ಬಂದ. "ಒಪ್ಪಿದ್ರಾ?" ಎಂದು ಸೊಸೆ ಕೇಳಿದ್ದಕ್ಕೆ, "ಬೈದ್ರು, ಆಮೇಲೆ ಒಪ್ಪಿದ್ರು," ಎಂದ. ಶುಕ್ರವಾರ ಎಲ್ಲರೂ ಮೈಮುರಿದು ದುಡಿದರು. ರಾತ್ರಿ ಬ್ರೆಡ್ಡು, ಹಾಲು ಇಷ್ಟೇ. ಅಡಿಗೆ ಮಾಡಲು ಯಾರ ಕೈಯೂ ಏಳಲಿಲ್ಲ. ಡುಮ್ಮ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದ.

ಶನಿವಾರ ಮಧ್ಯಾಹ್ನ ಕಡ್ಡಿ ಬೀದಿಗೆ ಹೋಗಿ ಎಲ್ಲರನ್ನೂ ಕರೆದಳು. ಅವಳಿಗಳು ಕೂಡಲೇ ಬಂದರು. ಗುಳಿಗೆಯೂ ಬಂದಳು, ಆದರೆ ಅವಳ ತಾಯಿಯೂ ಬಂದು, ಹಿತ್ತಲ ಗೇಟಿನ ಹತ್ತಿರ ಕೈಕಟ್ಟಿ ನಿಂತರು. "ನಾನು ಇಲ್ಲೇ ಇರ್ತೀನಿ. ನೋಡ್ತೀನಿ," ಎಂದರು.

"ನೋಡಿ," ಎಂದಳು ಸೊಸೆ. "ಕುರ್ಚಿ ತರ್ಲಾ?"

"ಬೇಡ."

ತಂದೆ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿ ಸುರುಳಿ ಸುತ್ತುತ್ತಿದ್ದ. ಹಗ್ಗ ಬೀಳುತ್ತ ಹೋದಂತೆ ಹಿತ್ತಲಿಗೆ ಆಕಾಶ ಬಂತು. ತುಳಸಿಯದೋ ಹೂವಿನದೋ ಒಂದು ಗಿಡವೂ ಇಲ್ಲದ, ಸೋಪಿನ ನೀರು ಹರಿದು ಬಿಳಿಚಿದ ನೆಲ. ಕಡ್ಡಿಯ ತಾಯಿ ಇದ್ದಿಲಿನಿಂದ ಕಲ್ಲುಹಾಸಿನ ಮೇಲೆ ದೊಡ್ಡ ದೊಡ್ಡ ಮನೆಗಳನ್ನು ಬರೆದಳು. ಕೊನೆಗೆ ಅಡಿಗೆಮನೆಯ ಕಿಟಕಿಯ ಹಗ್ಗವೊಂದೇ ಉಳಿಯಿತು. ಅದು ಸರಿಯಾಗಿ ಕುಂಟೆಬಿಲ್ಲೆಯ ಮನೆಗಳ ಮೇಲೆ, ಹಾರಿದ ಮಕ್ಕಳ ಕುತ್ತಿಗೆಗೆ ಬರುವಷ್ಟು ಎತ್ತರದಲ್ಲಿ, ಜೋತುಬಿದ್ದಿತ್ತು.

ತಂದೆ ಗಂಟನ್ನು ಹಿಂದೆ ತಿರುಗಿಸಿ ಮುಂದೆ ತಿರುಗಿಸಿ ನೋಡಿದ. ಉಗುರು ಹಾಕಿದ. ಹಲ್ಲು ಹಾಕಿದ. ಜಗ್ಗಿದಷ್ಟೂ ಅದು ಇನ್ನಷ್ಟು ಬಿಗಿಯಿತು.

"ಅಮ್ಮಾ."

ಅಜ್ಜಿ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು.

"ಒಂದು ಹಗ್ಗ ತಾನೇ ಅಪ್ಪ, ಇರ್ಲಿ ಬಿಡು," ಎಂದಳು ಕಡ್ಡಿ. ಅವಳ ದನಿ ಸಣ್ಣದಾಗಿತ್ತು. "ಬಗ್ಗಿ ಆಡ್ತೀವಿ."

"ಇಲ್ಲ. ಎಲ್ಲಾ ಅಂದಿದ್ದೆ." ತಂದೆ ಒಳಗೆ ಹೋಗಿ ಚಾಕು ತಂದ. ಹಗ್ಗದ ಮೇಲೆ ಇಟ್ಟ. "ಕತ್ತರಿಸ್ತೀನಿ ಅಮ್ಮಾ. ನಾಳೆ ಹೊಸದು ತಂದ್ಕೊಡ್ತೀನಿ."

ಅವಳಿಗಳಲ್ಲೊಬ್ಬಳು ಬೇಸರದಿಂದ ಕಾಲು ಬದಲಿಸಿದಳು. "ಕಡ್ಡಿ, ಅಷ್ಟರಲ್ಲಿ ಹಡಗಿಂದು ಆಡೋಣ್ವಾ?"

"ಅದು ಆಟ ಅಲ್ಲ," ಎಂದಳು ಕಡ್ಡಿ, ಗೇಟಿನ ಹತ್ತಿರ ನಿಂತವರಿಗೂ ಕೇಳುವ ಹಾಗೆ. "ಅದು ನಮ್ಮನೆ ಕೆಲಸ."

ಅಜ್ಜಿ ತಿರುಗಿ ನೋಡಿದಳು. ಮೊಮ್ಮಗಳ ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ. ಅಜ್ಜಿ ಮಂಡಿಯ ಮೇಲೆ ಕೈಯೂರಿ ಎದ್ದಳು.

"ಚಾಕು ತೆಗಿಯೋ. ಗಂಟು ಕತ್ತರಿಸೋಕೆ ನಾನೇನು ಸತ್ತಿದ್ದೀನಾ?"

ಕಂಬದ ಹತ್ತಿರ ಬಂದು, ಕಡ್ಡಿಯ ಕೈ ಎಳೆದು ಗಂಟಿನ ಮೇಲಿಟ್ಟಳು. "ಎಳೀಬಾರದು. ಎಲ್ಲರೂ ಎಳೀತಾರೆ. ಒಳಕ್ಕೆ ನೂಕಬೇಕು, ನೋಡು, ಇಲ್ಲಿ. ಸಡಿಲ ಆಯ್ತಾ? ಈಗ ಈ ಕಿವಿ ಹಿಡಿ."

ಗಂಟು ಬಾಯಿಬಿಟ್ಟಿತು. ಕಡ್ಡಿ ಕಿವಿ ಹಿಡಿದು ಬಿಡಿಸಿದಳು. ಹಗ್ಗದ ಆ ತುದಿ ಸರಿದು ಕಲ್ಲುಹಾಸಿನ ಮೇಲೆ ಬಿತ್ತು. ಇನ್ನೊಂದು ಕಂಬದ ಗಂಟನ್ನು ಅವಳೊಬ್ಬಳೇ ಬಿಚ್ಚಿದಳು, ಅಜ್ಜಿ ಬರೀ ನೋಡಿದಳು.

"ಈಗ ಈ ಹಗ್ಗ ಏನ್ಮಾಡ್ತೀರೇ?" ಎಂದಳು ಅಜ್ಜಿ.

"ಜಿಗಿಯೋದು," ಎಂದಳು ಟಕ್ಕು. "ಎರಡೂ ಕಡೆ ದೊಡ್ಡೋರು ಹಿಡ್ಕೊಂಡು ತಿರುಗಿಸ್ಬೇಕು."

ಅಜ್ಜಿ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಗೇಟಿನ ಕಡೆ ಎಸೆದಳು. ಔಷಧಿ ಅಂಗಡಿಯಾಕೆ ಕಾಲ ಬಳಿ ಬಿದ್ದ ಹಗ್ಗವನ್ನು ನೋಡಿದರು.

"ತಿರುಗಿಸಿದ್ರೆ ನಿಮಗೇನು ಕೆಲಸ ಆಗುತ್ತೆ ಇದ್ರಿಂದ?"

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ಏನೇ, ಏನಾಗುತ್ತೆ?"

"ಏನೂ ಆಗಲ್ಲ ಅಜ್ಜಿ."

"ಏನೂ ಆಗಲ್ವಂತೆ," ಎಂದಳು ಅಜ್ಜಿ.

ಔಷಧಿ ಅಂಗಡಿಯಾಕೆ ಸೆರಗು ಸಿಕ್ಕಿಸಿ, ಬಗ್ಗಿ ಹಗ್ಗ ಎತ್ತಿಕೊಂಡರು. ತಂದೆ ಚಾಕುವನ್ನು ಕಿಟಕಿಯೊಳಗೆ ಇಟ್ಟು, ಬೋಳು ಕಂಬಗಳನ್ನು ಒಂದೊಂದಾಗಿ ನೋಡಿದ. ಒಂದರಲ್ಲೂ ಹಗ್ಗ ಉಳಿದಿರಲಿಲ್ಲ.